ಘಾಟಿ ಹತ್ತುವಾಗ ಗೇರ್ ಎಣ್ಣೆ ಎಷ್ಟು ಕಾಯುತ್ತದೆ: ನನ್ನ ಅನುಭವ

ಮೂರು ವರ್ಷದ ಹಿಂದೆ, ಮೇ ತಿಂಗಳ ಒಂದು ಭಾನುವಾರ ಸಂಜೆ. ಮಲ್ಪೆಗೆ ಹೋಗಿದ್ದವರು ಮನೆಮಂದಿಯೆಲ್ಲ ಶಿವಮೊಗ್ಗಕ್ಕೆ ವಾಪಸ್ ಬರುತ್ತಿದ್ದೆವು. ಸೋಮೇಶ್ವರ ದಾಟಿ ಆಗುಂಬೆ ಘಾಟಿ ಹತ್ತಿದರೆ ನಾಲ್ಕನೇ ತಿರುವಿನಲ್ಲೇ ಗಾಡಿಗಳ ಸಾಲು. ಮೇಲೆಲ್ಲೋ ಎರಡು ಗಾಡಿ ಎದುರುಬದುರು ಸಿಕ್ಕಿಕೊಂಡಿದ್ದವಂತೆ. ಮುಂದೊಂದು ಮಿನಿ ಬಸ್ಸು, ಅದರ ಹಿಂದೆ ನಾವು. ಒಂದು ಮಾರು ಮುಂದೆ ಹೋಗು, ನಿಲ್ಲು. ಇನ್ನೊಂದು ಮಾರು ಹೋಗು, ನಿಲ್ಲು. ಏಳನೇ ತಿರುವು ಮುಟ್ಟುವಷ್ಟರಲ್ಲಿ ಕಾರು ಸಣ್ಣಗೆ ನಡುಗತೊಡಗಿತು. ಸೀದ ಎಣ್ಣೆಯ ವಾಸನೆ ಬಂತು. ಗೇರ್‌ಬಾಕ್ಸ್ ಕಾದಿದೆ, ನಿಲ್ಲಿಸಿ ಎಂಬ ಎಚ್ಚರಿಕೆ ಎದುರಿಗೆ ಹತ್ತಿಕೊಂಡಿತು.

ಆ ವಾಸನೆ ನನಗೆ ಹೊಸದಲ್ಲ. ನನ್ನ ಕೆಲಸ ಮಾಚೇನಹಳ್ಳಿಯ ಕಾರ್ಖಾನೆಯೊಂದರ ಹೀಟ್ ಟ್ರೀಟ್‌ಮೆಂಟ್ ವಿಭಾಗದಲ್ಲಿ, ಅಂದರೆ ಲೋಹವನ್ನು ಕಾಯಿಸಿ ತಣಿಸಿ ಹದ ಮಾಡುವ ಕಡೆ. ಕೆಂಪಗೆ ಕಾದ ಲೋಹವನ್ನು ಎಣ್ಣೆ ತೊಟ್ಟಿಗೆ ಇಳಿಸಿದಾಗ ಏಳುವುದು ಅದೇ ವಾಸನೆ. ಅಲ್ಲಿ ತೊಟ್ಟಿಯ ತಾಪ ಅಳೆಯುವ ಥರ್ಮೋಕಪಲ್ ಸರಿಯಿಲ್ಲದಿದ್ದರೆ ನಾವು ಪಾಳಿಯನ್ನೇ ಶುರು ಮಾಡುವುದಿಲ್ಲ. ನನ್ನ ಸ್ವಂತ ಕಾರಿನ ಎಣ್ಣೆ ಎಷ್ಟು ಕಾದಿದೆ ಅಂತ ಮಾತ್ರ ಅವತ್ತಿನವರೆಗೆ ನಾನು ನೋಡಿರಲೇ ಇಲ್ಲ.

ಕಾರು 2017ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ಎರಡು ಲೀಟರ್ ಟರ್ಬೊ ಪೆಟ್ರೋಲ್, 230 ಅಶ್ವಶಕ್ತಿ, ಆರು ಗೇರಿನ ಡಿಎಸ್‌ಜಿ ಎಂಬ ಆಟೋಮ್ಯಾಟಿಕ್ ಗೇರ್‌ಬಾಕ್ಸ್. ಇದರಲ್ಲಿ ಇಂಜಿನ್ನನ್ನು ಗೇರಿಗೆ ಜೋಡಿಸಿ ಬಿಡಿಸುವ ಕ್ಲಚ್ ಎರಡು ಇವೆ, ಎರಡೂ ಎಣ್ಣೆಯಲ್ಲೇ ತಿರುಗುತ್ತವೆ. ಕ್ಲಚ್ ತಂಪು ಮಾಡುವುದು, ಗೇರಿನ ಹಲ್ಲುಗಳಿಗೆ ಜಿಡ್ಡು ಕೊಡುವುದು, ಒತ್ತಡದಿಂದ ಕ್ಲಚ್ ಹಿಡಿಸಿ ಬಿಡಿಸುವುದು, ಎಲ್ಲಕ್ಕೂ ಒಂದೇ ಎಣ್ಣೆ. ಕ್ಲಚ್ ಪೂರ್ತಿ ಹಿಡಿದಾಗ ಅಲ್ಲಿ ಬಿಸಿ ಹುಟ್ಟುವುದು ಕಡಿಮೆ. ಅರ್ಧಂಬರ್ಧ ಜಾರುತ್ತಿದ್ದರೆ ಇಂಜಿನ್ನಿನ ಶಕ್ತಿಯಲ್ಲಿ ಒಂದು ಪಾಲು ನೇರ ಎಣ್ಣೆಗೆ ಹೋಗುತ್ತದೆ. ಎಣ್ಣೆ ಸುಮಾರು 138 ಡಿಗ್ರಿ ದಾಟಿದರೆ ಗೇರ್‌ಬಾಕ್ಸಿನ ಕಂಟ್ರೋಲರ್ ಇಂಜಿನ್ನಿನ ಟಾರ್ಕ್ (ತಿರುಗಿಸುವ ಬಲ) ಇಳಿಸುತ್ತದೆ, 145 ದಾಟಿದರೆ ಕ್ಲಚ್ ಬಿಟ್ಟೇಬಿಡುತ್ತದೆ. ಅವತ್ತು ಕಾರು ತನ್ನನ್ನು ತಾನು ಕಾಪಾಡಿಕೊಳ್ಳುತ್ತಿತ್ತು. ತಪ್ಪು ಕ್ಲಚ್ ಜಾರಿಸುತ್ತ ತೆವಳಿಸಿದ ನನ್ನ ಪಾದದ್ದು.

ತಿರುವು ಕಳೆದ ಮೇಲೆ ಅಗಲ ಜಾಗ ನೋಡಿ ಬದಿಗೆ ಹಾಕಿದೆ. ಗೇರ್ ಪಾರ್ಕಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಇಂಜಿನ್ ಚಾಲೂ ಇಟ್ಟೆ. ಇದು ಬಹಳ ಜನ ತಪ್ಪುವ ಜಾಗ. ಕಾದ ಕೂಡಲೇ ಕೀಲಿ ತಿರುಗಿಸಿ ಆಫ್ ಮಾಡಬೇಕು ಅನ್ನಿಸುತ್ತದೆ. ಆದರೆ ಎಣ್ಣೆಯ ಪಂಪು ತಿರುಗುವುದು ಇಂಜಿನ್ನಿನಿಂದ. ಇಂಜಿನ್ ನಿಂತರೆ ಎಣ್ಣೆ ಕಾದ ಕ್ಲಚ್ಚಿನ ಸುತ್ತಲೇ ನಿಂತುಬಿಡುತ್ತದೆ. ಚಾಲೂ ಇದ್ದರೆ ಕೂಲರ್ ಮೂಲಕ ಸುತ್ತುತ್ತದೆ. ಇಪ್ಪತ್ತು ನಿಮಿಷದಲ್ಲಿ ಎಚ್ಚರಿಕೆ ಹೋಯಿತು.

ಮರುದಿನವೇ ಅಳೆಯುವ ದಾರಿ ಹುಡುಕಿದೆ. ಕಾರಿನ ಕಂಪ್ಯೂಟರ್ ಓದಿ ಅಂಕಿಯನ್ನು ಫೋನಿಗೆ ಕಳಿಸುವ ಒಬಿಡಿ ಅಡಾಪ್ಟರ್ ಸಿಗುತ್ತದೆ. ಮೊದಲು ತರಿಸಿದ ಅಗ್ಗದ ಬ್ಲೂಟೂತ್ ಅಡಾಪ್ಟರ್ ಇಂಜಿನ್ ಕೂಲಂಟಿನ (ಇಂಜಿನ್ ತಂಪು ಮಾಡುವ ದ್ರವದ) ತಾಪ ತೋರಿಸಿತೇ ಹೊರತು ಗೇರ್‌ಬಾಕ್ಸ್ ಬಾಗಿಲು ತೆರೆಯಲಿಲ್ಲ. ಗೇರ್ ಎಣ್ಣೆಯ ತಾಪಮಾನವನ್ನು ಪ್ರತಿ ಕಂಪನಿ ತನ್ನದೇ ಕೋಡಿನಲ್ಲಿ ಇಟ್ಟಿರುತ್ತದೆ. ಆ ಕಂಪನಿಯ ಕಾರುಗಳನ್ನು ಓದಬಲ್ಲ ಸಾಧನವೇ ಬೇಕು. ಎರಡನೆಯದು ಸರಿಹೋಯಿತು. ಅದರಲ್ಲಿ ಎರಡು ಅಂಕಿ ಮುಖ್ಯ: ಗೇರ್‌ಬಾಕ್ಸ್ ಎಣ್ಣೆಯದ್ದು ಒಂದು, ಕ್ಲಚ್ಚಿನಿಂದ ಸಿಡಿದು ಬರುವ ಎಣ್ಣೆಯದ್ದು ಇನ್ನೊಂದು. ಮೊದಲನೆಯದು ನಿಧಾನಕ್ಕೆ ಏರುತ್ತದೆ. ಎರಡನೆಯದು ಕಣ್ಣು ಮಿಟುಕಿಸುವುದರೊಳಗೆ ಜಿಗಿಯುತ್ತದೆ, ನಿಜ ಸಂಗತಿ ಹೇಳುವುದು ಅದೇ. ಫೋನ್ ಹೆಂಡತಿಯ ಕೈಯಲ್ಲಿರುತ್ತದೆ. ಅವಳು ಓದುತ್ತಾಳೆ, ನಾನು ರಸ್ತೆ ನೋಡುತ್ತೇನೆ.

ಒಂದು ವರ್ಷ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಬೆಳಿಗ್ಗೆ ಶಿವಮೊಗ್ಗ ಬಿಟ್ಟರೆ ಸಕ್ರೆಬೈಲಿನ ಹೊತ್ತಿಗೆ ಇಂಜಿನ್ 90 ಮುಟ್ಟಿರುತ್ತದೆ, ಗೇರ್ ಎಣ್ಣೆ ಇನ್ನೂ 55ರ ಆಸುಪಾಸು. ಮಂಡಗದ್ದೆಯಲ್ಲಿ 75, ತೀರ್ಥಹಳ್ಳಿಗೆ 85. ಹಾಗಾಗಿ ಮಂಡಗದ್ದೆ ದಾಟುವವರೆಗೆ ನಾನೀಗ ಕಾರನ್ನು ಜೋರು ಮಾಡುವುದಿಲ್ಲ.

ನನ್ನನ್ನು ಬೆರಗುಗೊಳಿಸಿದ್ದು ಘಾಟಿಯ ಅಂಕಿ. ಖಾಲಿ ರಸ್ತೆಯಲ್ಲಿ ಬೆಳಿಗ್ಗೆ ಆರಕ್ಕೆ, ಎರಡು ಮತ್ತು ಮೂರನೇ ಗೇರಿನಲ್ಲಿ ಹುರುಪಿನಿಂದ ಹದಿನಾಲ್ಕೂ ತಿರುವು ಹತ್ತಿದೆ: ಕ್ಲಚ್ ಎಣ್ಣೆ 104. ದಸರಾ ರಜೆಯ ಸಾಲಿನಲ್ಲಿ ಸಿಕ್ಕಿ ಹಳೇ ಅಭ್ಯಾಸದಂತೆ ತೆವಳಿದೆ: ಹತ್ತು ನಿಮಿಷಕ್ಕೆ 131. ವೇಗವಲ್ಲ, ತೆವಳುವುದೇ ಕಾಯಿಸುತ್ತಿತ್ತು! ತೀರ್ಥಹಳ್ಳಿಯ ನಮ್ಮ ಮನೆಯ ಅಂಗಳಕ್ಕೆ ಕಡಿದಾದ ಮಣ್ಣಿನ ಏರು ಇದೆ. ಅಡಿಕೆ ಒಣಗಿಸುವ ಕಾಲದಲ್ಲಿ ತಿರುಗಿಸಲು ಜಾಗ ಇರುವುದಿಲ್ಲ, ರಿವರ್ಸಿನಲ್ಲೇ ಹತ್ತಿಸಬೇಕು. ನಲವತ್ತು ಸೆಕೆಂಡಿನಲ್ಲಿ ಕ್ಲಚ್ ಎಣ್ಣೆ 78ರಿಂದ 112ಕ್ಕೆ ಹೋದದ್ದನ್ನು ನೋಡಿ, ಈಗ ಕೆಳಗೆ ನೇರಳೆ ಮರದ ಬುಡದಲ್ಲೇ ನಿಲ್ಲಿಸಿ ನಡೆದು ಹೋಗುತ್ತೇವೆ.

ಸಾಲಿನಲ್ಲಿ ಈಗ ಮಾಡುವುದಿಷ್ಟು. ಬ್ರೇಕ್ ಗಟ್ಟಿಯಾಗಿ ಒತ್ತಿ ನಿಲ್ಲುತ್ತೇನೆ. ಹಾಗೆ ಒತ್ತಿದಾಗ ಕ್ಲಚ್ ಬಿಡುತ್ತದೆ. ಬ್ರೇಕ್ ಸಡಿಲ ಬಿಟ್ಟು ಜಾರಿಸುವುದು, ಆಕ್ಸಿಲರೇಟರಿನ ಮೇಲೆ ಏರಿನಲ್ಲಿ ಹಿಡಿದು ನಿಲ್ಲಿಸುವುದು ಎರಡನ್ನೂ ಬಿಟ್ಟಿದ್ದೇನೆ. ಮುಂದೆ ಮೂರು ಕಾರಿನಷ್ಟು ಜಾಗ ಆಗುವವರೆಗೆ ಕಾದು, ಕ್ಲಚ್ ಪೂರ್ತಿ ಹಿಡಿಯುವಂತೆ ಒಂದೇ ಸಲಕ್ಕೆ ಎಳೆದುಕೊಂಡು ಹೋಗಿ ಮತ್ತೆ ನಿಲ್ಲುತ್ತೇನೆ.

ಎಣ್ಣೆಯ ವಿಷಯಕ್ಕೆ ಬರೋಣ. ಇದಕ್ಕೆ 60,000 ಕಿಲೋಮೀಟರಿಗೆ ಎಣ್ಣೆ ಬದಲಿಸಬೇಕು. ಎಣ್ಣೆಯ ತಾಪ 10 ಡಿಗ್ರಿ ಹೆಚ್ಚಿದರೆ ಅದು ಕೆಡುವ ವೇಗ ಹೆಚ್ಚುಕಡಿಮೆ ದುಪ್ಪಟ್ಟು ಅನ್ನುವುದು ನಮ್ಮ ಕೆಲಸದ ಲೆಕ್ಕ. ಅವತ್ತು ಅಷ್ಟು ಕಾದದ್ದಕ್ಕೆ ನಾನು 40,000ಕ್ಕೇ ಬದಲಿಸಿದೆ. ಮಾಡಿಸಿದ ವರ್ಕ್‌ಶಾಪಿನಲ್ಲಿ ಗಾಡಿ ಓಡಿಸಿ ತಂದು, ಬಿಸಿ ಇರುವಾಗಲೇ ಮಟ್ಟ ನೋಡಿ ಮುಚ್ಚಳ ಬಿಗಿದರು. ಮಟ್ಟ ನೋಡಬೇಕಾದದ್ದು ಎಣ್ಣೆ 35ರಿಂದ 45 ಡಿಗ್ರಿ ಇರುವಾಗ, ಇಂಜಿನ್ ಚಾಲೂ ಇಟ್ಟು. ಕಾದ ಎಣ್ಣೆ ಉಬ್ಬಿರುತ್ತದೆ. ಏಳು ಲೀಟರಿಗೆ 40 ಡಿಗ್ರಿ ವ್ಯತ್ಯಾಸ ಅಂದರೆ ಸುಮಾರು 200 ಮಿಲಿ ಹೆಚ್ಚಾಗಿ ಕಾಣುತ್ತದೆ, ಅಷ್ಟೂ ಹೊರಗೆ ಹೋಗುತ್ತದೆ. ಹೇಳಿದರೆ ಏನೂ ಆಗಲ್ಲ ಸಾರ್ ಅಂದರು. ಸಂಕಟವಾಯಿತು.

ಡಿಸೆಂಬರಿನ ಒಂದು ಬೆಳಿಗ್ಗೆ, ಚಳಿಯಲ್ಲಿ, ಗೆಳೆಯನ ಶೆಡ್ಡಿನ ಲಿಫ್ಟ್ ಮೇಲೆ ಮಟ್ಟ ನೋಡುವ ಕೆಲಸ ನಾವೇ ಮಾಡಿದೆವು. ಶುರುವಿಗೆ ಎಣ್ಣೆ 19 ಡಿಗ್ರಿ. ಗೇರ್‌ಬಾಕ್ಸಿನ ಕೆಳಗಿನ ರಂಧ್ರಕ್ಕೆ ಎಣ್ಣೆ ತುಂಬುವ ಅಡಾಪ್ಟರ್ ಹಾಕಿ ಅರ್ಧ ಲೀಟರ್ ಎಣ್ಣೆ ಏರಿಸಿ, ಇಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿ ಪ್ರತಿ ಗೇರಿಗೂ ಹಾಕಿ ತೆಗೆದು ಕಾದೆವು. ಫೋನಿನಲ್ಲಿ 36 ಕಂಡಾಗ, ಮಟ್ಟಕ್ಕಿಂತ ಹೆಚ್ಚಿದ್ದ ಎಣ್ಣೆ ಹೊರಗೆ ಬರಲಿ ಅಂತ ಆ ರಂಧ್ರ ಬಿಚ್ಚಿದೆವು. ಮೊದಲು ಬಳಪದ ಕಡ್ಡಿಯಷ್ಟು ದಪ್ಪ ಧಾರೆ, ಆಮೇಲೆ ದಾರ, 40ರ ಹೊತ್ತಿಗೆ ಒಂದೊಂದೇ ಹನಿ. ಹನಿಗೆ ಬಂದ ಕೂಡಲೇ ಮುಚ್ಚಿದೆವು. ಪಾತ್ರೆಯಲ್ಲಿ ಇಳಿದಿದ್ದ ಎಣ್ಣೆ ಅಳೆದರೆ 270 ಮಿಲಿ. ಅಂದರೆ 230 ಮಿಲಿ ಕಡಿಮೆ ಇತ್ತು.

ಹೊರಗೆ ಬೇರೆ ಕೂಲರ್ ಹಾಕಿಸು ಅಂದವರಿದ್ದಾರೆ. ಕೊಯಮತ್ತೂರಿನ ಟ್ರ್ಯಾಕಿಗೆ ಒಯ್ಯುವವರಿಗೆ, ಥರ್ಮೋಸ್ಟಾಟ್ ಇರುವ ಕೂಲರ್ ಬೇಕಾದೀತು. ಈ ಕಾರಿನ ಕೂಲರ್ ಇಂಜಿನ್ ಕೂಲಂಟಿನ ಜೊತೆಗೇ ಬೆಸೆದುಕೊಂಡಿದೆ, ಆದ್ದರಿಂದ ನಾನು ಗಮನ ಕೊಟ್ಟದ್ದು ರೇಡಿಯೇಟರಿಗೆ. ನಮ್ಮ ಕಡೆ ಜೂನ್ ಮೊದಲ ಮಳೆಗೆ ಏಳುವ ಮಳೆಹುಳ, ಅದರ ಮೇಲೆ ಕೆಂಪು ಕೆಸರು ಸೇರಿ ರೇಡಿಯೇಟರಿನ ತೆಳು ಲೋಹದ ರೆಕ್ಕೆಗಳ ನಡುವೆ ಸಿಮೆಂಟಿನಂತೆ ಕೂರುತ್ತದೆ. ಮಳೆಗಾಲ ಮುಗಿದ ಮೇಲೆ ಬಂಪರ್ ಬಿಚ್ಚಿ, ಹಿಂದಿನಿಂದ ಮುಂದಕ್ಕೆ ಸಣ್ಣ ಧಾರೆಯಲ್ಲಿ ನೀರು ಬಿಟ್ಟು ತೊಳೆಯುತ್ತೇನೆ. ತೊಳೆದ ವಾರ ಅದೇ ಘಾಟಿಯಲ್ಲಿ ಗೇರ್ ಎಣ್ಣೆ 5 ಡಿಗ್ರಿ ಕಡಿಮೆ ತೋರಿಸಿತು.

ಕಳೆದ ಕ್ರಿಸ್‌ಮಸ್ ರಜೆಯಲ್ಲಿ ಮತ್ತೆ ಅದೇ ಘಾಟಿ, ಅದೇ ಥರ ಸಾಲು. ಒಂಬತ್ತನೇ ತಿರುವಿನಲ್ಲಿ ಅರ್ಧ ಗಂಟೆ. ಮುಂದಿನ ಕಾರು ಸರಿಯಿತು, ನಾನು ಸರಿಯಲಿಲ್ಲ. ಹಿಂದಿನವರು ಹಾರ್ನ್ ಹೊಡೆದರು. "ನೂರಾ ಮೂರು" ಅಂದಳು ಹೆಂಡತಿ. ಜಾಗ ಆಯಿತು, ಒಂದೇ ಎಳೆತಕ್ಕೆ ತಿರುವು ಹತ್ತಿ ನಿಂತೆವು. "ನೂರಾ ಏಳು." ಸ್ವಲ್ಪ ಹೊತ್ತಿಗೆ, "ನೂರಾ ಎರಡು." ಘಾಟಿಯ ಮೇಲಿನ ಸೂರ್ಯಾಸ್ತ ನೋಡುವ ಕಟ್ಟೆ ದಾಟುವಾಗ ತೊಂಬತ್ತೆಂಟಕ್ಕೆ ಇಳಿದಿತ್ತು.