ವಾಲಗ ಕೇಳಿಸದ ಮದುವೆ

2020ರ ಜೂನ್. ಆಷಾಢ ಬರುವುದರೊಳಗೆ ತಂಗಿಯ ಮದುವೆ ಮುಗಿಸಬೇಕಿತ್ತು; 50 ಜನಕ್ಕಷ್ಟೇ ಅನುಮತಿ. ಉಳಿದವರಿಗೆ ವಿಡಿಯೊ ಕಾಲ್. ಮುಹೂರ್ತ ಬೆಳಿಗ್ಗೆ 9:40ಕ್ಕೆ. ನ್ಯೂಜೆರ್ಸಿಯ ಚಿಕ್ಕಪ್ಪನಿಗೆ, ಪಾಪ, ನಡುರಾತ್ರಿ 12:10.

ಹಿಂದಿನ ದಿನ ಚಪ್ಪರದ ಪೂಜೆಯಲ್ಲೇ ಪರೀಕ್ಷೆ ಮಾಡಿದೆ. ಪುರೋಹಿತರ ಮಾತು ಸ್ಪಷ್ಟ, ವಾಲಗ ಶುರುವಾದರೆ ಮಾತ್ರ ಸದ್ದೇ ಮಾಯ! ಮೈಕ್ ಬದಲಿಸಿದೆ, ಸುಮ್ಮನೆ ನೆಟ್‌ವರ್ಕಿಗೆ ಬೈದೆ. ಕೊನೆಗೆ ಗೊತ್ತಾಯಿತು: ಮನುಷ್ಯರ ಮಾತನ್ನಷ್ಟೇ ಉಳಿಸಿಕೊಳ್ಳುವ ಆ್ಯಪ್, ನಾದಸ್ವರವನ್ನೂ ಫ್ಯಾನಿನ ಗದ್ದಲದಂತೆ ಒರೆಸಿಹಾಕುತ್ತಿತ್ತು. ಸೆಟ್ಟಿಂಗ್ಸ್‌ನಲ್ಲಿ ‘ಒರಿಜಿನಲ್ ಸೌಂಡ್’ ಆನ್ ಮಾಡಿ, ಫೋನನ್ನು ಡೋಲಿನಿಂದ ಹತ್ತಡಿ ದೂರ ಇಟ್ಟೆ. ನೆಂಟರನ್ನೆಲ್ಲ ಮ್ಯೂಟ್ ಮಾಡುವ ಕೆಲಸ ಅಕ್ಕನ ಮಗನಿಗೆ.

ಗಟ್ಟಿಮೇಳ ಮೊಳಗಿದಾಗ ಚಿಕ್ಕಪ್ಪ ಲ್ಯಾಪ್‌ಟಾಪಿಗೇ ಅಕ್ಷತೆ ಹಾಕಿದರು. ಕೀಬೋರ್ಡಿನ ಸಂದಿಯಿಂದ ಅಕ್ಕಿಕಾಳು ಇನ್ನೂ ಬರುತ್ತಿವೆಯಂತೆ.