ರಿಪೇರಿಗೆ ಹೋದ ಮನೆಯಲ್ಲೇ ತಪಾಸಣೆಯ ಮಾತು ಎತ್ತಿ

ವಿದ್ಯುತ್ ಸುರಕ್ಷತಾ ತಪಾಸಣೆಗೆ ಹೊಸ ಗಿರಾಕಿಗಳನ್ನು ಹುಡುಕಿಕೊಂಡು ಅಲೆಯಬೇಡಿ. ಫ್ಯಾನೋ ಗೀಸರೋ ಸರಿಮಾಡಲು ಕರೆದ ಮನೆಯಲ್ಲೇ ಮಾತು ಶುರುಮಾಡಿ. ನಾನು ಆರ್‌ಸಿಸಿಬಿಯ (ವಿದ್ಯುತ್ ಸೋರಿದರೆ ತಾನೇ ಬಿದ್ದು ಪೂರೈಕೆ ಕಡಿಯುವ ಸ್ವಿಚ್) ಟೆಸ್ಟ್ ಗುಂಡಿಯನ್ನು ಮನೆಯವರ ಕೈಯಿಂದಲೇ ಒತ್ತಿಸುತ್ತೇನೆ. ಸ್ವಿಚ್ ಬೀಳದಿದ್ದರೆ ಹೆಚ್ಚು ವಿವರಿಸಬೇಕಾಗಿಲ್ಲ.

ಒಮ್ಮೆ ಒಂದು ಮನೆಯ ಅಜ್ಜಿ, ಸ್ನಾನದ ಹೊತ್ತಿಗೆ ಏನೋ ಸುಟ್ಟ ವಾಸನೆ ಬರುತ್ತದೆ ಎನ್ನುತ್ತಿದ್ದರು. ಯಾರೂ ಕಿವಿಗೊಟ್ಟಿರಲಿಲ್ಲ. ಗೀಸರ್ ಸಾಕೆಟ್ ಬಿಚ್ಚಿದೆ: ನ್ಯೂಟ್ರಲ್ ತಿರುಪು ಸಡಿಲವಾಗಿತ್ತು, ತಂತಿಯ ಹೊದಿಕೆ ಕಂದುಗಟ್ಟಿ, ಮುಟ್ಟಿದರೆ ಪುಡಿಯಾಗುತ್ತಿತ್ತು. ಅಂದಿನಿಂದ ತಪಾಸಣೆಗೆ ಮೊದಲು ಮನೆಯ ಹಿರಿಯರನ್ನೇ ಕೇಳುತ್ತೇನೆ. ದಿನವಿಡೀ ಮನೆಯಲ್ಲಿರುವವರು ಅವರೇ.

ಮೇನ್ ಆರಿಸಿ, ವಿದ್ಯುತ್ ಇಲ್ಲವೆಂದು ಟೆಸ್ಟರ್‌ನಿಂದ ಖಚಿತಪಡಿಸಿಕೊಂಡು ಬೋರ್ಡ್ ಬಿಚ್ಚಿ. ಎಲ್ಲ ಉಪಕರಣಗಳ ಪ್ಲಗ್ ಕಿತ್ತ ಮೇಲೆಯೇ 500 ವೋಲ್ಟ್ ಮೆಗ್ಗರ್ (ತಂತಿಯ ಹೊದಿಕೆ ವಿದ್ಯುತ್ ಸೋರದಂತೆ ಎಷ್ಟು ತಡೆಯುತ್ತದೆ ಎಂದು ಅಳೆಯುವ ಉಪಕರಣ) ಹಚ್ಚಿ; ಇಲ್ಲವಾದರೆ ಟಿವಿ ಕೆಟ್ಟ ದೂರು ನಿಮ್ಮ ತಲೆಗೆ. ಅಳತೆ 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಆ ಸರ್ಕ್ಯೂಟನ್ನು ಬೇರೆಮಾಡಿ ದೋಷ ಹುಡುಕಿ. ಪ್ರತಿ ಸಾಕೆಟ್‌ನ ಅರ್ತಿಂಗ್ ನೋಡಿ. ವಿದ್ಯುತ್ ಮರಳಿ ಕೊಟ್ಟ ಮೇಲೆ, 30 ಮಿಲಿಆಂಪಿಯರ್ ಆರ್‌ಸಿಸಿಬಿ 300 ಮಿಲಿಸೆಕೆಂಡಿನೊಳಗೆ ಬೀಳುತ್ತದೆಯೇ ಎಂದು ಪರೀಕ್ಷಾ ಉಪಕರಣದಿಂದ ಅಳೆಯಿರಿ. ಟೆಸ್ಟ್ ಗುಂಡಿ ಸಮಯವನ್ನು ಹೇಳುವುದಿಲ್ಲ.

ವರದಿಯನ್ನು ಕಾಗದದ ಮೇಲೆ ಬರೆದು ಕೊಡಿ: ಕೂಡಲೇ ಆಗಬೇಕಾದದ್ದು, ಕೆಲವು ತಿಂಗಳು ತಡೆಯುವಂಥದ್ದು, ಚೆನ್ನಾಗಿರುವುದು. ಹೆದರಿಸಿ ಕೆಲಸ ಗಿಟ್ಟಿಸುವುದು ನನಗೆ ಸೇರದು. ತಪಾಸಣೆಯ ಶುಲ್ಕ ಬೇರೆ, ರಿಪೇರಿ ಬೇರೆ. ರಿಪೇರಿಯನ್ನು ಯಾರಿಂದ ಬೇಕಾದರೂ ಮಾಡಿಸಿಕೊಳ್ಳಿ ಎಂದು ಮೊದಲೇ ಹೇಳಿಬಿಡಿ. ಮುಂದಿನ ತಪಾಸಣೆಯ ದಿನಾಂಕವನ್ನು ಬೋರ್ಡ್ ಬಾಗಿಲಿನ ಒಳಬದಿಗೆ ಅಂಟಿಸಿ ಹೊರಡಿ.