ದಿನಾ ಓಡಾಡುವ ದಾರಿಯನ್ನೇ ಫೋಟೊದಲ್ಲಿ ಹಿಡಿಯುವುದು ಹೇಗೆ?

ಬಳ್ಳಾರಿಯಲ್ಲಿ ಹೊಸದಾಗಿ ಕ್ಯಾಮೆರಾ ಕೊಂಡವರು ಮೊದಲ ಭಾನುವಾರ ಕೋಟೆ ಗುಡ್ಡ ಹತ್ತುತ್ತಾರೆ, ಮುಂದಿನ ಭಾನುವಾರ ಹಂಪಿಗೆ ಹೋಗುತ್ತಾರೆ, ಮಳೆಗಾಲ ಬಂದರೆ ಸಂಡೂರಿನ ಬೆಟ್ಟಗಳತ್ತ ಗಾಡಿ ತಿರುಗಿಸುತ್ತಾರೆ. ಅಲ್ಲಿಗೆ ಊರಿನ ಫೋಟೊಗ್ರಫಿ ಮುಗಿಯಿತೆಂದು ಕ್ಯಾಮೆರಾ ಬೀರು ಸೇರುತ್ತದೆ. ದಿನವೂ ಹಾದುಹೋಗುವ ಹಾಲಿನ ಅಂಗಡಿ, ಆಟೊ ನಿಲ್ದಾಣ, ಹೊಲಿಗೆ ಮಿಷನ್ನಿನ ಸದ್ದು ಕೇಳುವ ಓಣಿ, ತರಕಾರಿ ಗಾಡಿ ಇವುಗಳ ಚಿತ್ರ ಹುಡುಕಿದರೂ ಸಿಗುವುದಿಲ್ಲ. ಮೈಸೂರಿನ ಛಾಯಾಗ್ರಾಹಕ ಟಿ.ಎಸ್. ಸತ್ಯನ್ (1923–2009) ಅವರು ಹೆಸರಾದದ್ದು ಬಹುಮಟ್ಟಿಗೆ ಜನಸಾಮಾನ್ಯರ ನಿತ್ಯದ ಬದುಕಿನ ಚಿತ್ರಗಳಿಂದ. 1977ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಈ ಬಗೆಯ ಚಿತ್ರಗಳಿಗೆ ಕೈಯಲ್ಲಿರುವ ಮೊಬೈಲ್ ಸಾಕು. ಬೇಕಾದದ್ದು ಒಂದೇ ಜಾಗಕ್ಕೆ ಬೇಸರವಿಲ್ಲದೆ ಮತ್ತೆ ಮತ್ತೆ ಹೋಗುವ ಅಭ್ಯಾಸ.

ದಾರಿ ಗೊತ್ತುಮಾಡಿಕೊಳ್ಳಿ

ಇಡೀ ಊರನ್ನು ತೆಗೆಯಲು ಹೊರಡಬೇಡಿ. ಕೌಲ್ ಬಜಾರಿನ ಮನೆಯಿಂದ ಬೆಂಗಳೂರು ರಸ್ತೆಯ ಅಂಗಡಿಗೆ ಹೋಗುವವರಿಗೆ ಆ ದಾರಿಯೇ ಸಾಕು. ಮೊದಲ ಕೆಲವು ದಿನ ಫೋಟೊ ತೆಗೆಯದೆ, ಎಲ್ಲಿ ಕಾಲು ತಾನಾಗಿ ನಿಧಾನವಾಗುತ್ತದೆ, ಯಾವ ಗೋಡೆಯ ಮೇಲೆ ಯಾವ ಹೊತ್ತಿಗೆ ಬಿಸಿಲು ಬೀಳುತ್ತದೆ, ಯಾವ ಅಂಗಡಿಯ ಶಟರ್ ಎಷ್ಟಕ್ಕೆ ಏಳುತ್ತದೆ ಎಂಬುದನ್ನು ಗಮನಿಸಿ. ಅವುಗಳಲ್ಲಿ ನಾಲ್ಕೈದು ಜಾಗಗಳನ್ನು ಆರಿಸಿಕೊಂಡು, ಪ್ರತಿ ಸಲವೂ ಅದೇ ಕಂಬದ ಪಕ್ಕ, ಅದೇ ಮೆಟ್ಟಿಲ ಮೇಲೆ ನಿಂತು ತೆಗೆಯಿರಿ. ನಿಲ್ಲುವ ಜಾಗ ಬದಲಾಗದೆ ಇದ್ದರೆ ಆ ಚೌಕಟ್ಟಿನೊಳಗೆ ಬದಲಾಗುವುದೆಲ್ಲ, ಅಂದರೆ ಬೋರ್ಡು, ಬಣ್ಣ, ಮರ, ಮನುಷ್ಯರು, ತಾವಾಗಿಯೇ ಎದ್ದು ಕಾಣುತ್ತವೆ. ಓಣಿಯ ತುದಿಯಲ್ಲಿ ಗುಡ್ಡ ಇಣುಕುವ ಕಡೆಯಾದರೆ ಅದನ್ನು ಚೌಕಟ್ಟಿನ ಒಂದು ಅಂಚಿಗೆ ಸೇರಿಸಿಕೊಳ್ಳಿ. ನಡುವೆ ತಂದಿರೋ, ಚಿತ್ರ ಮತ್ತೆ ಗುಡ್ಡದ ಪಾಲಾಗುತ್ತದೆ.

ಬಿಸಿಲಿನ ಲೆಕ್ಕ

ಬಳ್ಳಾರಿಗೆ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡು ಬೇಸಿಗೆ ಎಂದು ನಮ್ಮವರು ನಗೆಯಾಡುವುದುಂಟು. ಫೋಟೊ ತೆಗೆಯುವವರಿಗೆ ಇದು ನಗೆಯ ಮಾತಲ್ಲ. ಬೆಳಿಗ್ಗೆ ಎಂಟೂವರೆ ದಾಟಿದ ಮೇಲೆ ಬಿಸಿಲು ಗಟ್ಟಿಯಾಗಿ, ಸುಣ್ಣದ ಗೋಡೆ ಬರೀ ಬಿಳಿಯಾಗಿಯೂ ಜನರ ಕಣ್ಣುಗಳು ಬರೀ ಕಪ್ಪು ಗುಳಿಗಳಾಗಿಯೂ ಬರುತ್ತವೆ. ಆದ್ದರಿಂದ ಸೂರ್ಯ ಹುಟ್ಟಿದ ಮೇಲಿನ ಒಂದೂವರೆ ಗಂಟೆ, ಮುಳುಗುವ ಮುಂಚಿನ ಒಂದು ಗಂಟೆ ಇವನ್ನೇ ನೆಚ್ಚಿಕೊಳ್ಳಿ. ಉಳಿದ ಹೊತ್ತಿನಲ್ಲಿ ತೆಗೆಯಲೇಬೇಕಾದರೆ ಅಂಗಡಿಯ ತಗಡಿನ ಚಪ್ಪರದ ಕೆಳಗೆ, ಬೇವಿನ ಮರದ ನೆರಳಲ್ಲಿ ಸಿಗುವ ಮೆತ್ತನೆಯ ಬೆಳಕನ್ನು ಹುಡುಕಿ.

ಊರಿನ ಅಕ್ಷಾಂಶ ಸುಮಾರು 15 ಡಿಗ್ರಿ ಉತ್ತರವಾದ್ದರಿಂದ ವರ್ಷಕ್ಕೆ ಎರಡು ಸಲ, ಏಪ್ರಿಲ್ ಕೊನೆ–ಮೇ ಆರಂಭದ ಹೊತ್ತಿಗೆ ಒಮ್ಮೆ, ಆಗಸ್ಟ್ ಎರಡನೆಯ ವಾರದ ಸುಮಾರಿಗೆ ಇನ್ನೊಮ್ಮೆ, ಸೂರ್ಯ ನೇರ ನೆತ್ತಿಗೆ ಬಂದು ಮಧ್ಯಾಹ್ನ 12.20ರ ಆಸುಪಾಸಿನಲ್ಲಿ ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಈ ಎರಡರ ನಡುವಿನ ತಿಂಗಳುಗಳಲ್ಲಿ ನಡುಹಗಲಿನ ಸೂರ್ಯ ತುಸು ಉತ್ತರಕ್ಕೆ ವಾಲಿರುತ್ತಾನೆ. ಮಿಕ್ಕ ತಿಂಗಳುಗಳಲ್ಲಿ ದಕ್ಷಿಣಕ್ಕೆ. ಉತ್ತರಕ್ಕೆ ಮುಖ ಮಾಡಿದ ಅಂಗಡಿಯ ಬೋರ್ಡಿನ ಮೇಲೆ ಡಿಸೆಂಬರಿನ ಮಧ್ಯಾಹ್ನ ಬಿಸಿಲೇ ಬೀಳದೆ, ಜೂನಿನ ಮಧ್ಯಾಹ್ನ ಬೀಳುವುದು ಇದರಿಂದಲೇ. ನಿಮ್ಮ ದಾರಿಯ ಪ್ರತಿ ಜಾಗದ ಮುಂದೆ ಅದು ಯಾವ ದಿಕ್ಕಿಗಿದೆ ಎಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಯಾವ ತಿಂಗಳು, ಯಾವ ಹೊತ್ತಿಗೆ ಬರಬೇಕೆಂಬುದು ತಿಳಿದುಬಿಡುತ್ತದೆ.

ಮೊಬೈಲಿಗೂ ಸೆಕೆ ತಡೆಯದು. ಹಲವು ಫೋನುಗಳು 35 ಡಿಗ್ರಿವರೆಗಿನ ಸುತ್ತಲಿನ ತಾಪಕ್ಕೆಂದು ತಯಾರಾದವು. ಏಪ್ರಿಲ್‌ನಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಬಿಸಿಯಾದ ಫೋನಿನ ಪರದೆ ಮಂಕಾದರೆ ನೆರಳಿಗೆ ಬಂದು ತಣಿಯಲು ಬಿಡಿ, ಗಾಡಿಯ ಟ್ಯಾಂಕಿನ ಮೇಲೆ ಇಡಬೇಡಿ. ಲೆನ್ಸಿನ ಮೇಲಿನ ಧೂಳನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ಮೊದಲು ಝಾಡಿಸಿ, ಆಮೇಲೆ ಒರೆಸಿ.

ಹಬೆ, ನೀಲಿ ಬಟ್ಟೆ, ಟ್ಯೂಬ್‌ಲೈಟು

ಬೆಳಗಿನ ಮಂಡಾಳು (ಮಂಡಕ್ಕಿ) ಒಗ್ಗರಣೆಯ ಗಾಡಿಯನ್ನೇ ತೆಗೆದುಕೊಳ್ಳಿ. ನೆನೆಸಿ ಹಿಂಡಿದ ಮಂಡಾಳು ಅರಿಶಿನದ ಒಗ್ಗರಣೆಗೆ ಬಿದ್ದು, ಪಕ್ಕದ ಬಾಣಲೆಯಲ್ಲಿ ಮಿರ್ಚಿ ಏಳುವಾಗ ಬರುವ ಹಬೆ ಕಣ್ಣಿಗೆ ಕಂಡಷ್ಟು ಫೋಟೊದಲ್ಲಿ ಕಾಣುವುದಿಲ್ಲ. ಬೆನ್ನ ಹಿಂದೆ ಸೂರ್ಯನನ್ನು ಇಟ್ಟುಕೊಂಡು ನಿಂತವರಿಗಂತೂ ಅದು ಸಿಗುವುದೇ ಇಲ್ಲ. ಹಬೆಯ ಹಿಂದಿನಿಂದ ಬೆಳಕು ಬರಬೇಕು, ಅದರ ಹಿಂದೆ ಕಪ್ಪು ಹಿನ್ನೆಲೆ ಇರಬೇಕು. ಗಾಡಿಯ ಆಚೆ ಬದಿಗೆ ಹೋಗಿ, ಸೂರ್ಯ ಎದುರಿಗೆ ಓರೆಯಾಗಿ ಇರುವಂತೆ, ಬಾಣಲೆಯ ಹಿಂದೆ ನೆರಳಿನ ಬಾಗಿಲು ಬರುವಂತೆ ನಿಂತು, ಪರದೆಯ ಮೇಲೆ ಹಬೆಯನ್ನೇ ಒತ್ತಿ ಹಿಡಿದು ಬೆಳಕನ್ನು ಸ್ವಲ್ಪ ಕೆಳಕ್ಕೆ ಎಳೆಯಿರಿ. ಪ್ಲೇಟಿನ ಮೇಲಿನ ಅರಿಶಿನ ಹಳದಿ, ಮಿರ್ಚಿಯ ಕಂದು ಆಗ ತಮ್ಮ ಬಣ್ಣದಲ್ಲೇ ಉಳಿಯುತ್ತವೆ.

ಬೆಳಕನ್ನು ಕೈಯಿಂದ ತಿದ್ದುವ ಈ ಕೆಲಸ ನಮ್ಮೂರಿನ ಜೀನ್ಸ್ ಹೊಲಿಯುವ ಓಣಿಗಳಲ್ಲಿ ಇನ್ನೂ ಹೆಚ್ಚು ಬೇಕಾಗುತ್ತದೆ. ಕ್ಯಾಮೆರಾ ಎದುರಿಗಿರುವುದನ್ನೆಲ್ಲ ನಡು ಬೂದುಬಣ್ಣದ ಲೆಕ್ಕಕ್ಕೆ ತರಲು ನೋಡುವುದರಿಂದ, ಮೊಪೆಡ್ಡಿನ ಮೇಲೆ ಪೇರಿಸಿದ ಕಡುನೀಲಿ ಪ್ಯಾಂಟಿನ ಗಂಟುಗಳು ಚೌಕಟ್ಟು ತುಂಬಿದರೆ ಅವನ್ನು ಬಿಳಿಚಿಸುತ್ತದೆ. ಸುಣ್ಣದ ಗೋಡೆ ತುಂಬಿದರೆ ಅದನ್ನು ಮಂಕಾಗಿಸುತ್ತದೆ. ಕಪ್ಪಿಗೆ ಬೆಳಕು ಇಳಿಸಿ, ಬಿಳಿಗೆ ಏರಿಸಿ. ಹೊಲಿಗೆ ಮನೆಯೊಳಗೆ ಟ್ಯೂಬ್‌ಲೈಟಿನ ಕೆಳಗೆ ತೆಗೆದ ಚಿತ್ರದಲ್ಲಿ ಅಡ್ಡ ಪಟ್ಟಿಗಳು ಮೂಡಿದರೆ ಫೋನ್ ಕೆಟ್ಟಿದೆ ಎಂದು ಹೆದರಬೇಕಿಲ್ಲ. ನಮ್ಮ ಕರೆಂಟು 50 ಹರ್ಟ್ಸಿನದು, ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಮಿಣುಕುತ್ತವೆ; ಎಲ್ಲವನ್ನೂ ಕೈಯಿಂದ ಹೊಂದಿಸಬಹುದಾದ ಪ್ರೊ ಮೋಡಿನಲ್ಲಿ ಶಟರ್ ವೇಗವನ್ನು, ಅಂದರೆ ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತನ್ನು, 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಪಟ್ಟಿಗಳು ಹೋಗುತ್ತವೆ. ಓಡುವ ಆಟೊ ಗಕ್ಕನೆ ನಿಂತಂತೆ ಬೇಕಾದರೆ 1/500 ಇಡಿ. ಹಿಂದಿನ ಬೀದಿ ಗೆರೆಗೆರೆಯಾಗಿ ಹರಿಯಬೇಕಾದರೆ 1/30 ಇಟ್ಟು ಆಟೊದ ಜೊತೆಗೇ ಫೋನ್ ತಿರುಗಿಸಿ.

ಮನುಷ್ಯರನ್ನು ತೆಗೆಯುವಾಗ

ದೂರದಿಂದ ಜೂಮ್ ಎಳೆದು ಕದ್ದು ತೆಗೆಯುವ ಚಾಳಿ ನನಗೆ ಹಿಡಿಸುವುದಿಲ್ಲ. ಅದರಿಂದ ಚಿತ್ರವೂ ಕೆಡುತ್ತದೆ, ಓಣಿಯ ವಿಶ್ವಾಸವೂ ಕೆಡುತ್ತದೆ. ದಿನಾ ಕಾಣುವವರೇ ಆದ್ದರಿಂದ "ಅಣ್ಣಾ, ಒಂದು ಫೋಟೊ ತೆಗೀಲೇನ್ರಿ?" ಎಂದು ಕೇಳಿಬಿಡಿ. ಕೇಳಿದ ಕೂಡಲೇ ಅವರು ಕೆಲಸ ಬಿಟ್ಟು, ಅಂಗಿ ಸರಿಮಾಡಿಕೊಂಡು ನೆಟ್ಟಗೆ ನಿಲ್ಲುತ್ತಾರೆ. ಆ ಫೋಟೊವನ್ನು ಅವರಿಗಾಗಿ ತೆಗೆದು ತೋರಿಸಿ, ಅಲ್ಲೇ ಚಹಾ ಕುಡಿಯುತ್ತ ಕುಳಿತಿರಿ. ಗಿರಾಕಿ ಬಂದು ಅವರು ಮತ್ತೆ ಕೆಲಸಕ್ಕೆ ತೊಡಗಿದಾಗ ನಿಮಗೆ ಬೇಕಾದ ಚಿತ್ರ ಸಿಗುತ್ತದೆ. ಮನೆಯ ಕಟ್ಟೆಯ ಮೇಲೆ ಜೀನ್ಸಿನ ದಾರ ಕತ್ತರಿಸುವ ಹೆಣ್ಣುಮಕ್ಕಳು ಬೇಡವೆಂದರೆ ಮುಖ ಬಿಟ್ಟು ಕೈಗಳನ್ನಷ್ಟೇ ತೆಗೆಯಲು ಒಪ್ಪಿಗೆ ಕೇಳಬಹುದು. ಅದಕ್ಕೂ ಬೇಡವೆಂದರೆ ಅಲ್ಲಿಗೆ ಮುಗಿಯಿತು. ಮಕ್ಕಳ ಫೋಟೊಕ್ಕೆ ಮನೆಯ ಹಿರಿಯರ ಒಪ್ಪಿಗೆ ಇರಲೇಬೇಕು. ಹತ್ತಿರದಿಂದ ಮುಖ ತೆಗೆಯುವಾಗ ಫೋನಿನ ವೈಡ್ ಲೆನ್ಸ್ ಮೂಗನ್ನು ದಪ್ಪಗೆ ತೋರಿಸುವುದರಿಂದ ಎರಡು ಹೆಜ್ಜೆ ಹಿಂದೆ ಸರಿದು 2ಎಕ್ಸ್ (ಎರಡು ಪಟ್ಟು ಜೂಮ್) ಬಳಸಿ.

ತೆಗೆದ ಮೇಲೆ

ವಾರಕ್ಕೊಮ್ಮೆ ಕುಳಿತು ನಿರ್ದಾಕ್ಷಿಣ್ಯವಾಗಿ ಅಳಿಸಿ. ಒಂದೇ ನೋಟದ ಹತ್ತು ಚಿತ್ರಗಳಲ್ಲಿ ಒಂದನ್ನು ಉಳಿಸಿಕೊಂಡರೆ ಸಾಕು. ಉಳಿದದ್ದಕ್ಕೆ ದಿನಾಂಕ, ಹೊತ್ತು, ಓಣಿಯ ಹೆಸರು, ಅಂಗಡಿಯಲ್ಲಿ ಏನು ಮಾರುತ್ತಿದ್ದರು, ಬೋರ್ಡಿನಲ್ಲಿ ದರ ಎಷ್ಟಿತ್ತು ಎಂಬುದನ್ನು ಕನ್ನಡದಲ್ಲೇ ಬರೆದು, ಮೂಲ ಕಡತಗಳನ್ನು ಫೋನಿನ ಹೊರಗೆ ಇನ್ನೆರಡು ಕಡೆ ಇಡಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಎಂದು ಕಳಿಸಿದ್ದು ಕುಗ್ಗಿ ಹೋಗುತ್ತದೆ, ತೆಗೆದ ಹೊತ್ತಿನ ವಿವರವೂ ಅಳಿಸುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿದರೆ ಎರಡೂ ಉಳಿಯುತ್ತವೆ. 4×6 ಇಂಚಿನ ಒಳ್ಳೆಯ ಪ್ರಿಂಟಿಗೆ 1200×1800 ಪಿಕ್ಸೆಲ್ ಸಾಕಾಗುವುದರಿಂದ ಹಳೆಯ ಫೋನಿನ ಚಿತ್ರವನ್ನೂ ಸ್ಟುಡಿಯೊಕ್ಕೆ ಕೊಡಬಹುದು. ಪ್ರತಿ ಸಲ ಎರಡು ಪ್ರತಿ ತೆಗೆಸಿ, ಒಂದನ್ನು ಒಗ್ಗರಣೆಯ ಗಾಡಿಯವರಿಗೆ ಕೊಡಿ.